ಇಂಗ್ಲಿಷಿನ ವಾಕ್ಯದಚ್ಚು, ಕನ್ನಡದ ನಾಲಗೆ

ಹುಟ್ಟೂರನ್ನು ಬಿಟ್ಟು ಮಹಾನಗರವನ್ನು ಸೇರಿದ ಕನ್ನಡಿಗನಿಗೆ ಮೊದಲು ಬೇಕಾಗುವುದು ತಲೆಯ ಮೇಲೊಂದು ಸೂರು ಮತ್ತು ಎರಡು ಹೊತ್ತಿನ ಊಟ. ಅವು ದೊರೆತ ಮರುದಿನವೇ ಬೇಕಾಗುವುದು ನಾಲ್ಕು ಜನರೊಡನೆ ಆಡಬಲ್ಲ ಮಾತು. ಮುಂಬಯಿಗೆ ಬಂದವನು ಮರಾಠಿ-ಹಿಂದಿಗಳನ್ನು, ಚೆನ್ನೈಗೆ ಹೋದವನು ತಮಿಳನ್ನು, ಹೈದರಾಬಾದನ್ನು ಸೇರಿದವನು ತೆಲುಗನ್ನು ಯಾವ ಗುರುವಿನ ಹಂಗೂ ಇಲ್ಲದೆ ವರ್ಷದೊಳಗಾಗಿ ಕಲಿತುಬಿಡುತ್ತಾನೆ. ಹೋಟೆಲಿನಲ್ಲಿ ಲೋಟ ತೊಳೆಯಲು ನಿಂತ ಮಾಣಿಯೂ, ನಲ್ಲಿಯ ಮುಂದೆ ಕೊಡ ಹಿಡಿದು ನಿಂತ ಗೃಹಿಣಿಯೂ ನೆರೆಯವರ ಭಾಷೆಯನ್ನು ಕಿವಿಯಿಂದಲೇ ಹೀರಿಕೊಂಡವರು. ಹಾಗಿರುವಾಗ ಐದೋ ಹತ್ತೋ ವರ್ಷ ಶಾಲೆಯ ಮಣೆಯ ಮೇಲೆ ಕುಳಿತು, ಪುಸ್ತಕ ಹಿಡಿದು, ಪರೀಕ್ಷೆ ಕೊಟ್ಟು ಕಲಿತ ಇಂಗ್ಲಿಷು ಮಾತ್ರ ಬಾಯಿ ತೆರೆಯಬೇಕಾದ ಗಳಿಗೆಯಲ್ಲಿ ಕೈಕೊಡುವುದೇಕೆ? ಈ ಪ್ರಶ್ನೆಯನ್ನು ಕನ್ನಡ ಸಂಘಗಳ ಸಭೆಗಳಲ್ಲಿ ಕೇಳದವರಿಲ್ಲ. ಉತ್ತರವಾಗಿ ಸಂಕೋಚ, ಅಭ್ಯಾಸದ ಕೊರತೆ, ಹಳ್ಳಿಯ ಶಾಲೆಯ ದುರವಸ್ಥೆ ಮೊದಲಾದ ಕಾರಣಗಳನ್ನು ಹೇಳುವುದು ರೂಢಿ. ಅವೆಲ್ಲವೂ ಸ್ವಲ್ಪಮಟ್ಟಿಗೆ ನಿಜ. ಆದರೆ ಮೂಲಕಾರಣ ಇನ್ನೊಂದಿದೆ. ಅದು ವಾಕ್ಯದ ಅಚ್ಚಿಗೆ ಸಂಬಂಧಿಸಿದ್ದು.

‘ನನಗೆ ಜ್ವರ ಬಂದಿದೆ’ ಎಂಬ ಸಾಮಾನ್ಯ ಮಾತನ್ನೇ ತೆಗೆದುಕೊಳ್ಳಬಹುದು. ತೆಲುಗಿನವನು ಇದನ್ನು ‘ನಾಕು ಜ್ವರಂ ವಚ್ಚಿಂದಿ’ ಎನ್ನುತ್ತಾನೆ. ತಮಿಳನು ‘ಎನಕ್ಕು ಜುರಂ ವಂದಿರುಕ್ಕು’ ಎನ್ನುತ್ತಾನೆ. ಮರಾಠಿಯಲ್ಲಿ ‘ಮಲಾ ತಾಪ ಆಲಾ ಆಹೆ’. ಹಿಂದಿಯಲ್ಲಿ ‘ಮುಝೇ ಬುಖಾರ್ ಆಯಾ ಹೈ’. ಎರಡು ಬೇರೆ ಬೇರೆ ಕುಲಗಳಿಗೆ ಸೇರಿದ ಈ ಐದು ಭಾಷೆಗಳಲ್ಲಿ ಪದಗಳು ಬದಲಾಗಿವೆಯೇ ಹೊರತು ವಾಕ್ಯದ ಕಟ್ಟಡ ಕದಲಿಲ್ಲ. ರೋಗಿ ಚತುರ್ಥಿಯಲ್ಲಿ ನಿಲ್ಲುತ್ತಾನೆ, ಜ್ವರವು ಅತಿಥಿಯಂತೆ ಅವನ ಬಳಿಗೆ ‘ಬರುತ್ತದೆ’, ಕ್ರಿಯಾಪದ ಕೊನೆಯಲ್ಲಿ ಕುಳಿತುಕೊಳ್ಳುತ್ತದೆ. ಆದ್ದರಿಂದ ನೆರೆಯ ಭಾಷೆಯನ್ನು ಕಲಿಯುವ ಕನ್ನಡಿಗನಿಗೆ ಹೊಸ ಪದಗಳನ್ನು ಹಳೆಯ ಅಚ್ಚಿಗೆ ಎರೆದರೆ ಸಾಕಾಗುತ್ತದೆ. ಇಂಗ್ಲಿಷಿಗೆ ಬಂದೊಡನೆ ಅಚ್ಚೇ ಒಡೆದುಹೋಗುತ್ತದೆ. ‘ಐ ಹ್ಯಾವ್ ಎ ಫೀವರ್’ ಎಂಬಲ್ಲಿ ಜ್ವರ ಬರುವುದಿಲ್ಲ. ಮನುಷ್ಯನು ಮನೆಯನ್ನೋ ಹಸುವನ್ನೋ ಹೊಂದಿರುವಂತೆ ಜ್ವರವನ್ನು ಹೊಂದಿರುತ್ತಾನೆ. ಹಸಿವಾದರೆ ‘ಐ ಆಮ್ ಹಂಗ್ರಿ’: ಅಲ್ಲಿ ಮನುಷ್ಯನೇ ಹಸಿದವನು. ‘ನನಗೆ ಗೊತ್ತು’, ‘ನನಗೆ ಬೇಕು’, ‘ನನಗೆ ಇಷ್ಟ’, ‘ನನಗೆ ಚಳಿ’, ‘ನನಗೆ ಸಿಟ್ಟು’, ‘ನನಗೆ ಇಬ್ಬರು ಮಕ್ಕಳು’ ಎಂದು ಕನ್ನಡವು ಒಂದೇ ಬಾಗಿಲಿನಿಂದ ಒಳಗೆ ಕರೆದುಕೊಳ್ಳುವ ಅನುಭವಗಳನ್ನು ಇಂಗ್ಲಿಷು ‘ನೋ’, ‘ವಾಂಟ್’, ‘ಲೈಕ್’, ‘ಫೀಲ್’, ‘ಆಮ್’, ‘ಹ್ಯಾವ್’ ಎಂಬ ಆರು ಬಾಗಿಲುಗಳಿಗೆ ಹಂಚಿಬಿಡುತ್ತದೆ.

ಇದಕ್ಕಿಂತ ಆಳವಾದ ಭೇದ ಇನ್ನೊಂದಿದೆ. ‘ರಾಮನು ಕೃಷ್ಣನನ್ನು ಕಂಡನು’ ಎಂದರೂ ‘ಕೃಷ್ಣನನ್ನು ರಾಮನು ಕಂಡನು’ ಎಂದರೂ ಕನ್ನಡದಲ್ಲಿ ನೋಡಿದವನು ರಾಮನೇ. ವಿಭಕ್ತಿ ಪ್ರತ್ಯಯವು ಯಾರು ಯಾರೆಂಬುದನ್ನು ಕಾವಲುಗಾರನಂತೆ ಕಾಯುತ್ತದೆ. ಇಂದಿನ ಇಂಗ್ಲಿಷು ನಾಮಪದಗಳ ವಿಭಕ್ತಿಗಳನ್ನು ಬಹುಮಟ್ಟಿಗೆ ಕಳೆದುಕೊಂಡ ಭಾಷೆ. ಅಲ್ಲಿ ಸ್ಥಾನವೇ ವಿಭಕ್ತಿ. ಎರಡು ಹೆಸರುಗಳು ಸ್ಥಳ ಬದಲಾಯಿಸಿದರೆ ನೋಡಿದವನೂ ನೋಡಲ್ಪಟ್ಟವನೂ ಅದಲುಬದಲಾಗುತ್ತಾರೆ. ಆದ ಕಾರಣ ಇಂಗ್ಲಿಷಿನಲ್ಲಿ ವಾಕ್ಯಮಾದರಿಯೆಂಬುದು ಅಲಂಕಾರದ ಮಾತಲ್ಲ. ಅದು ತಪ್ಪಿದರೆ ಅರ್ಥವೇ ತಪ್ಪುತ್ತದೆ.

ಎಲ್ಲಿ ತಪ್ಪಿದರೆ ಅಪಾಯ ಹೆಚ್ಚು ಎಂಬುದನ್ನು ಆಸ್ಪತ್ರೆಯಲ್ಲಿ ನೋಡಬೇಕು. ಧಾರವಾಡದ ಕಡೆಯಿಂದ ಮಗನ ಮನೆಗೆ ಬಂದ ತಾಯಿಯೊಬ್ಬರು ಪುಣೆಯ ವೈದ್ಯರ ಮುಂದೆ ಕುಳಿತು ‘ಐ ಆಮ್ ಹ್ಯಾವಿಂಗ್ ಫೀವರ್ ಫ್ರಮ್ ತ್ರೀ ಡೇಸ್’ ಎಂದರೆ, ಆ ವಾಕ್ಯದ ಹಿಂದೆ ನಿಂತಿರುವುದು ‘ಮೂರು ದಿನಗಳಿಂದ ಜ್ವರ ಇದೆ’ ಎಂಬ ನಿರ್ದುಷ್ಟವಾದ ಕನ್ನಡ ವಾಕ್ಯ. ‘ಇಂದ’ ಎಂಬ ಪ್ರತ್ಯಯ ‘ಫ್ರಮ್’ ಆಗಿದೆ, ‘ಇದೆ’ ಎಂಬ ವರ್ತಮಾನ ವರ್ತಮಾನವಾಗಿಯೇ ಉಳಿದಿದೆ. ಪುಣೆಯ ವೈದ್ಯರಿಗೆ ಇದು ಸಲೀಸಾಗಿ ಅರ್ಥವಾಗುತ್ತದೆ, ಏಕೆಂದರೆ ಅವರ ಮರಾಠಿಯ ಅಚ್ಚೂ ಅದೇ. ಅದೇ ತಾಯಿ ಸೊಸೆಯ ಬಾಣಂತನಕ್ಕೆಂದು ಲಂಡನ್ನಿಗೋ ಅಮೆರಿಕೆಗೋ ಹೋದಾಗ ಸ್ಥಿತಿ ಬೇರೆ. ಶಾಲೆಯಲ್ಲಿ ಕಲಿತ ಭೂತಕಾಲವನ್ನು ನೆನೆದು, ಅವರು ಹೆಚ್ಚು ಶುದ್ಧವಾಗಿರಲೆಂದು ‘ಐ ಹ್ಯಾಡ್ ಎ ಫೀವರ್ ಫಾರ್ ತ್ರೀ ಡೇಸ್’ ಎಂದರೆ ವ್ಯಾಕರಣ ಸರಿಯಾಯಿತು, ರೋಗಲಕ್ಷಣ ತಪ್ಪಾಯಿತು: ಮೂರು ದಿನ ಜ್ವರವಿತ್ತು, ಈಗ ಇಲ್ಲವೆಂದು ಕೇಳುವವರು ತಿಳಿಯುತ್ತಾರೆ. ‘ಐ ಹ್ಯಾವ್ ಹ್ಯಾಡ್’ ಎಂಬ, ಕನ್ನಡದ ಕಿವಿಗೆ ತೊದಲಿದಂತೆ ಕೇಳುವ ಆ ಜೋಡಿಪದ ಮಾತ್ರ ‘ಮೂರು ದಿನದ ಹಿಂದೆ ಬಂದದ್ದು ಇನ್ನೂ ಬಿಟ್ಟಿಲ್ಲ’ ಎಂಬುದನ್ನು ತಿಳಿಸುತ್ತದೆ. ಇನ್ನು ಉತ್ತರ ಹೇಳುವ ರೀತಿ. ‘ನೀವು ಗುಳಿಗೆ ತೆಗೆದುಕೊಂಡಿಲ್ಲ, ಅಲ್ಲವೇ?’ ಎಂದು ಕೇಳಿದರೆ ಕನ್ನಡಿಗನು ‘ಹೌದು’ ಎನ್ನುತ್ತಾನೆ, ಅಂದರೆ ತೆಗೆದುಕೊಂಡಿಲ್ಲ. ಅದೇ ಪ್ರಶ್ನೆಗೆ ಇಂಗ್ಲಿಷಿನಲ್ಲಿ ‘ಯೆಸ್’ ಎಂದರೆ ತೆಗೆದುಕೊಂಡಾಗಿದೆ ಎಂದು ಕೇಳುವವರು ಭಾವಿಸುವ ಸಂಭವವುಂಟು. ಕನ್ನಡವು ಕೇಳಿದವನ ಮಾತಿಗೆ ಸಮ್ಮತಿ ಸೂಚಿಸುತ್ತದೆ. ಇಂಗ್ಲಿಷು ನಡೆದ ಸಂಗತಿಗೆ ಉತ್ತರಿಸುತ್ತದೆ. ಈ ಒಂದು ಭೇದವನ್ನು ಹತ್ತು ವರ್ಷದ ಶಾಲಾ ವ್ಯಾಸಂಗದಲ್ಲಿ ಒಂದು ದಿನವಾದರೂ ಯಾರಾದರೂ ಹೇಳಿಕೊಟ್ಟರೇ ಎಂದು ವಾಚಕರು ನೆನಪಿಸಿಕೊಂಡರೆ ಸಮಸ್ಯೆಯ ಸ್ವರೂಪ ತಾನಾಗಿಯೇ ತಿಳಿದೀತು.

ಪರಭಾಷಿಕರಿಗೆ ಇಂಗ್ಲಿಷನ್ನು ಕಲಿಸುವವರು ಈ ತೊಡಕನ್ನು ಅರಿಯದೆ ಇದ್ದವರಲ್ಲ. ಬೆಲ್ಜಿಯಂ ದೇಶದ ವೆರ್ವಿಯೆ ಎಂಬ ಪಟ್ಟಣದಲ್ಲಿ ಪಾಠ ಹೇಳುತ್ತಿದ್ದ ಹೆರಾಲ್ಡ್ ಪಾಮರ್ ಎಂಬ ಆಂಗ್ಲ ಶಿಕ್ಷಕರು 1916ರಲ್ಲಿಯೇ ಪರ್ಯಾಯಪದಗಳ ಕೋಷ್ಟಕಗಳ ಪುಸ್ತಕವೊಂದನ್ನು ಪ್ರಕಟಿಸಿದರು. ಹೆಸರಿನಲ್ಲಿ ಪಾಮರ್ ಆದರೂ ವಿದ್ಯೆಯಲ್ಲಿ ಅವರು ಪಂಡಿತರೇ. 1922ರಲ್ಲಿ ಜಪಾನಿನ ಶಿಕ್ಷಣ ಇಲಾಖೆ ಅವರನ್ನು ಸಲಹೆಗಾರರನ್ನಾಗಿ ಕರೆಸಿಕೊಂಡಿತು. ಮರುವರ್ಷ ಟೋಕಿಯೋದಲ್ಲಿ ಇಂಗ್ಲಿಷ್ ಬೋಧನೆಯ ಸಂಶೋಧನೆಗೆಂದೇ ಒಂದು ಸಂಸ್ಥೆ ಸ್ಥಾಪಿತವಾಯಿತು. 1936ರವರೆಗೆ ಪಾಮರ್ ಅಲ್ಲಿಯೇ ಇದ್ದರು. ಅವರ ಜತೆಗೆ ದುಡಿದ ಹಾರ್ನ್‌ಬಿ ಎಂಬವರು ಜಪಾನೀ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿದ ನಿಘಂಟು 1942ರಲ್ಲಿ, ಯುದ್ಧದ ನಡುವೆ, ಟೋಕಿಯೋದಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯ ಅದನ್ನು ಮರುಮುದ್ರಿಸಿತು. ಇಂದು ‘ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ’ ಎಂಬ ಹೆಸರಿನಿಂದ ಭಾರತದ ಎಷ್ಟೋ ಮನೆಗಳ ಕಪಾಟಿನಲ್ಲಿರುವ ದಪ್ಪ ಪುಸ್ತಕದ ಪೂರ್ವಾವತಾರ ಅದೇ. ಅದರಲ್ಲಿ ಹಾರ್ನ್‌ಬಿಯವರು ಇಂಗ್ಲಿಷಿನ ಕ್ರಿಯಾಪದಗಳನ್ನು 25 ಮಾದರಿಗಳಾಗಿ ವಿಂಗಡಿಸಿ, ಯಾವ ಕ್ರಿಯಾಪದ ಯಾವ ಅಚ್ಚಿನಲ್ಲಿ ಕೂಡುತ್ತದೆಂದು ಗುರುತು ಹಾಕಿದರು.

ಈ ಇತಿಹಾಸದಲ್ಲಿ ಕನ್ನಡಿಗರು ಗಮನಿಸಬೇಕಾದ ಸಂಗತಿಯೊಂದಿದೆ. ಜಪಾನೀ ಭಾಷೆಯಲ್ಲೂ ಕ್ರಿಯಾಪದ ಕೊನೆಯಲ್ಲಿ ಬರುತ್ತದೆ. ಅಲ್ಲಿಯೂ ಕಾರಕಸೂಚಕಗಳು ನಾಮಪದದ ಹಿಂದೆ ಅಂಟಿಕೊಂಡು ನಡೆಯುತ್ತವೆ. ‘ಎ’, ‘ದಿ’ಗಳಂತಹ ಉಪಪದಗಳು ಅಲ್ಲಿಯೂ ಇಲ್ಲ. ಎಂದರೆ, ವಾಕ್ಯಮಾದರಿಯ ಬೋಧನೆ ಹದಗೊಂಡದ್ದು ಕಟ್ಟಡದಲ್ಲಿ ಕನ್ನಡವನ್ನು ಹೋಲುವ ಭಾಷೆಯೊಂದನ್ನು ಆಡುವ ಮಕ್ಕಳ ಮುಂದೆ. ಆ ಮಕ್ಕಳ ತೊಡಕು ಕನ್ನಡದ ಮಕ್ಕಳ ತೊಡಕೇ ಆಗಿತ್ತು.

ಪಾಮರರ ಕೋಷ್ಟಕದ ಗುಟ್ಟು ಸರಳವಾದುದು. ನಾಲ್ಕು ಕಂಬಸಾಲುಗಳಿರುವ ಒಂದು ಕೋಷ್ಟಕದಲ್ಲಿ ಸಾಲಿಗೆ ಐದು ಪದಗಳಂತೆ ಬರೆದರೆ, ಇಪ್ಪತ್ತೇ ಪದಗಳಿಂದ 625 ವಾಕ್ಯಗಳು ಹೊರಡುತ್ತವೆ, ಅಚ್ಚು ಒಂದೇ. ಕಲಿಯುವವನು ನಿಯಮವನ್ನು ಉರುಹೊಡೆಯದೆ ಅಚ್ಚನ್ನು ಕೈವಶ ಮಾಡಿಕೊಳ್ಳುತ್ತಾನೆ. ಈ ಕ್ರಮ ಬರುವ ಮೊದಲು ಭಾರತದ ಶಾಲೆಗಳಲ್ಲಿ ನಡೆಯುತ್ತಿದ್ದುದೇನು? ಕರ್ತರಿಯನ್ನು ಕರ್ಮಣಿಗೆ ತಿರುಗಿಸುವುದು, ನೇರ ಮಾತನ್ನು ಪರೋಕ್ಷಕ್ಕೆ ತಿರುಗಿಸುವುದು, ರೆನ್ ಮತ್ತು ಮಾರ್ಟಿನ್ನರ ವ್ಯಾಕರಣದ ಅಭ್ಯಾಸಗಳನ್ನು ಪುಟದಿಂದ ಪುಟಕ್ಕೆ ಬರೆಯುವುದು. ಇವುಗಳಲ್ಲಿ ನೂರಕ್ಕೆ ಎಂಬತ್ತು ಅಂಕ ಗಳಿಸಿದ ತರುಣನು ದಾದರ್ ನಿಲ್ದಾಣದ ಟಿಕೇಟು ಖಿಡಕಿಯ ಮುಂದೆ ಮೂಕನಾಗಿ ನಿಲ್ಲುತ್ತಿದ್ದನೆಂದರೆ ಆಶ್ಚರ್ಯಪಡಬೇಕಾದುದಿಲ್ಲ.

1950ರ ದಶಕದಲ್ಲಿ ಅಂದಿನ ಮದರಾಸು ರಾಜ್ಯದ ಮೂಲಕ ಈ ಹೊಸ ಪದ್ಧತಿ ಭಾರತದ ಶಾಲೆಗಳನ್ನು ಹೊಕ್ಕಿತು. ವಾಕ್ಯಮಾದರಿಗಳನ್ನು ಸುಲಭದಿಂದ ಕಠಿಣಕ್ಕೆ ಮೆಟ್ಟಿಲುಮೆಟ್ಟಿಲಾಗಿ ಜೋಡಿಸಿದ ಪಠ್ಯಕ್ರಮಗಳು ಸಿದ್ಧವಾದವು. ಶಿಕ್ಷಕರ ತರಬೇತಿಗಾಗಿ 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರ ಇಂಗ್ಲಿಷ್ ಸಂಸ್ಥೆ, 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಸಂಸ್ಥೆ ಹುಟ್ಟಿಕೊಂಡವು. ಹೈದರಾಬಾದಿನ ಸಂಸ್ಥೆ 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಗಿದೆ. ಅದರ ಆರಂಭದ ವರ್ಷಗಳಲ್ಲಿ ಕನ್ನಡದ ಹಿರಿಯ ಕವಿಗಳಾದ ವಿನಾಯಕ ಕೃಷ್ಣ ಗೋಕಾಕರು ನಿರ್ದೇಶಕರಾಗಿದ್ದರೆಂಬುದನ್ನು ಹೊರನಾಡ ಕನ್ನಡಿಗರು ಅಭಿಮಾನದಿಂದ ನೆನೆಯಬಹುದು. ಇಂಗ್ಲಿಷನ್ನು ಸಮರ್ಪಕವಾಗಿ ಕಲಿಸುವುದು ಹೇಗೆಂದು ಯೋಚಿಸಿದ ಅದೇ ಗೋಕಾಕರು ಅಧ್ಯಕ್ಷರಾಗಿದ್ದ ಸಮಿತಿ 1981ರ ವರದಿಯಲ್ಲಿ ಕರ್ನಾಟಕದ ಪ್ರೌಢಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮಸ್ಥಾನ ಕೊಡಬೇಕೆಂದು ಹೇಳಿತು. ಈ ಎರಡು ಕೆಲಸಗಳಲ್ಲಿ ವಿರೋಧವಿದೆಯೆಂದು ಹಲವರು ಭಾವಿಸುತ್ತಾರೆ. ವಿರೋಧವಿಲ್ಲವೆಂಬುದು ಮುಂದೆ ಹೇಳುವ ಮಾತಿನಿಂದ ತಿಳಿಯುತ್ತದೆ.

ಉತ್ತಮವಾದ ಪದ್ಧತಿ ತರಗತಿಯ ಹೊಸ್ತಿಲನ್ನು ದಾಟುವಾಗ ಎರಡು ರೀತಿಯಲ್ಲಿ ಕೆಟ್ಟಿತು.

ಮೊದಲನೆಯದಾಗಿ ಅಚ್ಚು ಉಳಿಯಿತು, ಎರೆಯಬೇಕಾದ ಲೋಹ ಹೋಯಿತು. ‘ದಿಸ್ ಈಸ್ ಎ ಬುಕ್’ ಎಂದು ಉಪಾಧ್ಯಾಯರು ಪುಸ್ತಕವನ್ನು ಎತ್ತಿ ಹಿಡಿದು ಹೇಳುವುದು, ಅದು ಪುಸ್ತಕವೆಂಬುದನ್ನು ಕಣ್ಣಾರೆ ಕಾಣುತ್ತಿರುವ ಅರುವತ್ತು ಮಕ್ಕಳು ಒಕ್ಕೊರಲಿನಿಂದ ಅದನ್ನೇ ಮತ್ತೆ ಹೇಳುವುದು. ಯಾರಿಗೂ ಯಾರೂ ಏನನ್ನೂ ತಿಳಿಸಲಿಲ್ಲ. ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಬಂದ ಹುಡುಗರು ನಿದ್ದೆಗಣ್ಣಿನಲ್ಲಿ ಇಂಗ್ಲಿಷ್ ಪಾಠ ಓದಿ ಮೇಲೆ ಬಂದ ಕಥೆ ಹೊರನಾಡ ಕನ್ನಡಿಗರ ಚರಿತ್ರೆಯ ಒಂದು ಉಜ್ವಲ ಅಧ್ಯಾಯ. ‘ದಿ ಪೆನ್ ಈಸ್ ಆನ್ ದಿ ಟೇಬಲ್’ ಎಂಬ ವಾಕ್ಯ ಅಂತಹ ಹುಡುಗನಿಗೆ ನಿರ್ಜೀವ. ಅವನ ಟೇಬಲ್ಲಿನ ಮೇಲೆ ಇರುವುದು ಬಿಲ್ಲು, ಸಾಂಬಾರಿನ ಬಟ್ಟಲು, ಗಿರಾಕಿ ಮರೆತುಹೋದ ಕೊಡೆ. ಅದೇ ಅಚ್ಚಿನಲ್ಲಿ ಕೊಡೆಯನ್ನು ಕೂರಿಸಿದ್ದರೆ ಮರುದಿನ ಬೆಳಿಗ್ಗೆಯೇ ಅವನಿಗೆ ಆ ವಾಕ್ಯ ಉಪಯೋಗಕ್ಕೆ ಬರುತ್ತಿತ್ತು. ಭಾಷೆಯನ್ನು ಕೇವಲ ಅಭ್ಯಾಸಬಲವೆಂದು ತಿಳಿದು ಗಿಳಿಪಾಠಕ್ಕೆ ಶಾಸ್ತ್ರದ ಮುದ್ರೆಯೊತ್ತಿದ ಅಮೆರಿಕದ ಪಂಡಿತರೂ ಆ ಕಾಲದಲ್ಲಿ ಇದ್ದರು. 1959ರಲ್ಲಿ ನೋಮ್ ಚಾಮ್‌ಸ್ಕಿಯವರು ಸ್ಕಿನ್ನರರ ಗ್ರಂಥವನ್ನು ವಿಮರ್ಶಿಸಿ, ಮಗು ಹಿಂದೆಂದೂ ಕೇಳದ ವಾಕ್ಯವನ್ನು ಆಡುವುದು ಅಭ್ಯಾಸಬಲದಿಂದ ಹೇಗೆ ಸಾಧ್ಯವೆಂದು ಕೇಳಿದ ಮೇಲೆ ಆ ವಾದದ ಬುಡ ಸಡಿಲವಾಯಿತು.

ಎರಡನೆಯ ಕೆಡುಕು ಹೆಚ್ಚು ಹಾನಿಕರವಾದುದು. ತರಗತಿಯಿಂದ ಮಾತೃಭಾಷೆಯನ್ನು ಹೊರದೂಡಲಾಯಿತು. 1961ರಲ್ಲಿ ಉಗಾಂಡದ ಮಕೆರೆರೆಯಲ್ಲಿ ನಡೆದ ಕಾಮನ್‌ವೆಲ್ತ್ ರಾಷ್ಟ್ರಗಳ ಸಮ್ಮೇಳನದ ಕಾಲಕ್ಕೆ, ಇಂಗ್ಲಿಷನ್ನು ಇಂಗ್ಲಿಷಿನಿಂದಲೇ ಕಲಿಸಬೇಕು, ಎಷ್ಟು ಎಳೆಯ ವಯಸ್ಸಿನಲ್ಲಿ ಆರಂಭಿಸಿದರೆ ಅಷ್ಟು ಒಳ್ಳೆಯದು, ಬೇರೆ ಭಾಷೆಗಳನ್ನು ಹೆಚ್ಚಾಗಿ ಬಳಸಿದರೆ ಇಂಗ್ಲಿಷಿನ ಮಟ್ಟ ಕುಸಿಯುತ್ತದೆ ಎಂಬ ನಂಬಿಕೆಗಳು ವೇದವಾಕ್ಯಗಳಂತೆ ನೆಲೆಯೂರಿದ್ದವು. ರಾಬರ್ಟ್ ಫಿಲಿಪ್‌ಸನ್ ಎಂಬ ವಿದ್ವಾಂಸರು 1992ರ ತಮ್ಮ ಗ್ರಂಥದಲ್ಲಿ ಇವುಗಳನ್ನು ಒಂದೊಂದಾಗಿ ಎತ್ತಿಕೊಂಡು ಭ್ರಮೆಗಳೆಂದು ಕರೆದರು. ಆದರೇನು, ಭ್ರಮೆ ಪುಸ್ತಕದಿಂದ ಹೋದರೂ ಶಾಲೆಯಿಂದ ಹೋಗಲಿಲ್ಲ. ಆಟದ ಬಯಲಿನಲ್ಲಿ ಕನ್ನಡವನ್ನಾಡಿದ ಮಗುವಿಗೆ ದಂಡ ಹಾಕುವ ಶಾಲೆಗಳು ಕನ್ನಡನಾಡಿನಲ್ಲೇ ಉಂಟು. ಪಾಮರ್ ಸ್ವತಃ ಮಾತೃಭಾಷೆಯನ್ನು ಪೂರ್ತಿಯಾಗಿ ಹೊರಗಿಡಬೇಕೆಂದು ಹಟ ಹಿಡಿದವರಲ್ಲವೆಂಬುದು ಇಲ್ಲಿ ಸ್ಮರಣೀಯ. ಗುರುವಿಗಿಲ್ಲದ ಮಡಿ ಶಿಷ್ಯರಿಗೆ ಬಂದಿತು.

ಮೊದಲನೆಯ ಕೆಡುಕಿಗೆ ಮದ್ದು ಹುಡುಕಿದವರಲ್ಲಿ ಎನ್.ಎಸ್. ಪ್ರಭು ಅವರ ಹೆಸರು ದೊಡ್ಡದು. 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಅವರು ನಡೆಸಿದ ಪ್ರಯೋಗ ‘ಬೆಂಗಳೂರು ಪ್ರಯೋಗ’ವೆಂದು ಜಗತ್ತಿನ ಶಿಕ್ಷಕವಲಯದಲ್ಲಿ ಪ್ರಸಿದ್ಧವಾಗಿದೆ. ಮಕ್ಕಳ ಮುಂದೆ ರೈಲ್ವೆ ವೇಳಾಪಟ್ಟಿಯನ್ನೋ ನಕ್ಷೆಯನ್ನೋ ಇಟ್ಟು, ಯಾವ ಗಾಡಿ ಹಿಡಿದರೆ ಯಾವ ಹೊತ್ತಿಗೆ ತಲಪಬಹುದೆಂಬಂತಹ ಸಮಸ್ಯೆಗಳನ್ನು ಇಂಗ್ಲಿಷಿನಲ್ಲಿ ಬಿಡಿಸಲು ಹೇಳುವುದು; ಮನಸ್ಸು ಅರ್ಥದಲ್ಲಿ ತೊಡಗಿರುವಾಗ ರೂಪ ತಾನಾಗಿ ಮೈಗೂಡುತ್ತದೆಂಬುದು ಪ್ರಭುಗಳ ನಂಬಿಕೆ. ಅವರ ಅನುಭವದ ಸಾರ 1987ರಲ್ಲಿ ಗ್ರಂಥವಾಗಿ ಬಂದಿತು. ಹೊರಗಿನ ಪರೀಕ್ಷಕರು 1985ರಲ್ಲಿ ಪ್ರಕಟಿಸಿದ ಮೌಲ್ಯಮಾಪನದ ಫಲ ಕುತೂಹಲಕರ. ಬಿಡಿ ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯ ಮಕ್ಕಳೇ ಮುಂದಿದ್ದರು. ಸಂದರ್ಭದಲ್ಲಿಟ್ಟ ವ್ಯಾಕರಣ, ಉಕ್ತಲೇಖನ, ಓದಿ-ಕೇಳಿ ಅರ್ಥಮಾಡಿಕೊಳ್ಳುವಿಕೆಗಳಲ್ಲಿ ಪ್ರಯೋಗದ ಮಕ್ಕಳು ಮುಂದಿದ್ದರು. ಅಚ್ಚನ್ನು ಕಲಿಸಿದರೆ ಅಚ್ಚು ಬರುತ್ತದೆ, ಮಾತನ್ನು ಕಲಿಸಿದರೆ ಮಾತು ಬರುತ್ತದೆ! ಒಂದನ್ನು ಹಿಡಿದು ಇನ್ನೊಂದನ್ನು ಬಿಡುವ ಅಗತ್ಯವೇನೆಂದು ಸಾಮಾನ್ಯ ಗೃಹಸ್ಥನು ಕೇಳಿದರೆ ತಪ್ಪಾಗಲಾರದು.

ಎರಡನೆಯ ಕೆಡುಕಿಗೆ ಮದ್ದು ಇಂಗ್ಲೆಂಡಿನ ನೆರೆಯ ವೇಲ್ಸಿನಿಂದ ಬಂದಿತು. ಅಲ್ಲಿಯ ಡಾಡ್‌ಸನ್ ಎಂಬವರು 1967ರಲ್ಲಿ ದ್ವಿಭಾಷಾ ಪದ್ಧತಿಯನ್ನು ವಿವರಿಸಿದರು. ಹೊಸ ವಾಕ್ಯವೊಂದನ್ನು ಕಲಿಸುವಾಗ ಉಪಾಧ್ಯಾಯರು ಅದರ ತಾತ್ಪರ್ಯವನ್ನು ಮಕ್ಕಳ ಮನೆಯ ಮಾತಿನಲ್ಲಿ ಒಮ್ಮೆ ಹೇಳಿಬಿಡಬೇಕು. ಆಮೇಲಿನ ಅಭ್ಯಾಸವೆಲ್ಲ ಹೊಸ ಭಾಷೆಯಲ್ಲಿ. ಅರ್ಧ ಗಂಟೆ ಕೈಸನ್ನೆ ಬಾಯಿಸನ್ನೆಗಳಿಂದ ತಿಳಿಸಲು ಹೆಣಗುವುದನ್ನು ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಬಹುದಾದಾಗ ಹಾಗೆ ಮಾಡದಿರುವುದು ಕೇವಲ ಮೊಂಡುತನ.

ಕನ್ನಡವನ್ನು ಪಕ್ಕಕ್ಕಿಟ್ಟುಕೊಂಡು ಇಂಗ್ಲಿಷಿನ ಅಚ್ಚನ್ನು ಕಲಿಸಿದರೆ ಏನಾಗುತ್ತದೆಂಬುದಕ್ಕೆ ಒಂದು ಉದಾಹರಣೆ ಸಾಕು. ‘ನನಗೆ ಕೊಡಿ’, ‘ನನಗೆ ಹೇಳಿ’, ‘ನನಗೆ ವಿವರಿಸಿ’, ‘ನನಗೆ ಸೂಚಿಸಿ’: ಕನ್ನಡದಲ್ಲಿ ಇವು ನಾಲ್ಕು ಅಣ್ಣತಮ್ಮಂದಿರು. ‘ಗಿವ್ ಮಿ’, ‘ಟೆಲ್ ಮಿ’ ಎಂದು ಕಲಿತ ಕನ್ನಡಿಗನು ತರ್ಕಬದ್ಧವಾಗಿಯೇ ‘ಎಕ್ಸ್‌ಪ್ಲೇನ್ ಮಿ’, ‘ಸಜೆಸ್ಟ್ ಮಿ’ ಎನ್ನುತ್ತಾನೆ. ತರ್ಕ ಸರಿ, ಇಂಗ್ಲಿಷು ತಪ್ಪು. ಆ ಇಬ್ಬರು ತಮ್ಮಂದಿರು ‘ಟು ಮಿ’ ಎಂಬ ಬೇರೆ ಮನೆಯಲ್ಲಿ ವಾಸಿಸುತ್ತಾರೆ. ‘ವಿಷಯದ ಬಗ್ಗೆ ಚರ್ಚಿಸಿದೆವು’ ಎಂಬುದನ್ನು ನಂಬಿ ‘ಡಿಸ್ಕಸ್ಡ್ ಅಬೌಟ್’ ಎಂದು ಬರೆಯುವ ಗುಮಾಸ್ತೆಯೂ ಇದೇ ತರ್ಕದವನು. ಕನ್ನಡದ ‘ಬಗ್ಗೆ’ಗೆ ಅಲ್ಲಿ ಎಡೆಯಿಲ್ಲ. ಇಂತಹ ತಪ್ಪನ್ನು ಕೆಂಪು ಶಾಯಿಯಿಂದ ಗೀಚಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ‘ನೀನು ಹೀಗೆ ಬರೆದದ್ದು ಕನ್ನಡದಲ್ಲಿ ಹೀಗಿರುವುದರಿಂದ, ಇಂಗ್ಲಿಷಿನಲ್ಲಿ ಹಾದಿ ಇಲ್ಲಿ ಕವಲೊಡೆಯುತ್ತದೆ’ ಎಂದು ತೋರಿಸಿದರೆ ವಿದ್ಯಾರ್ಥಿಗೆ ತಾನು ದಡ್ಡನಲ್ಲವೆಂದೂ ತಿಳಿಯುತ್ತದೆ, ಕವಲು ಎಲ್ಲಿದೆಯೆಂದೂ ತಿಳಿಯುತ್ತದೆ. ಇದನ್ನು ಮಾಡಬೇಕಾದರೆ ಉಪಾಧ್ಯಾಯರಿಗೆ ಕನ್ನಡದ ವಾಕ್ಯ ಹೇಗೆ ನಿಂತಿದೆಯೆಂಬುದೂ ಗೊತ್ತಿರಬೇಕು. ಸಂಸ್ಕೃತದ ಅಳತೆಗೆ ಹೊಲಿದ ವ್ಯಾಕರಣ ಕನ್ನಡಕ್ಕೆ ಸರಿಹೊಂದದೆಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಗ್ರಂಥಗಳನ್ನೇ ಬರೆದರು. ಇಂಗ್ಲಿಷಿನ ಅಳತೆಗೆ ಹೊಲಿದದ್ದೂ ಹೊಂದುವುದಿಲ್ಲ.

ಶಾಲೆಯ ಮಾತು ಇಷ್ಟಾಯಿತು. ಮಹಾನಗರದ ಕನ್ನಡಿಗರ ಮನೆಯೊಳಗೆ ನಡೆದಿರುವುದು ಇದಕ್ಕಿಂತ ಚಿಂತಾಜನಕ.

ಮಗು ಇಂಗ್ಲಿಷ್ ಶಾಲೆಗೆ ಸೇರಿದೊಡನೆ ಮನೆಯಲ್ಲಿ ಕನ್ನಡವನ್ನು ನಿಲ್ಲಿಸಿಬಿಡುವ ತಂದೆತಾಯಿಗಳು ಇಂದು ವಿರಳರಲ್ಲ. ಅವರ ಉದ್ದೇಶವನ್ನು ಹಳಿಯುವಂತಿಲ್ಲ. ತಾವು ಸಂದರ್ಶನದ ಕೋಣೆಯಲ್ಲಿ ತಡವರಿಸಿದ ನೋವು ಮಗುವಿಗೆ ಬರಬಾರದೆಂಬ ವಾತ್ಸಲ್ಯವೇ ಅದರ ಮೂಲ. ಇಂಗ್ಲಿಷಿಲ್ಲದೆ ಈ ನಗರಗಳಲ್ಲಿ ಅನ್ನದ ದಾರಿ ಇಕ್ಕಟ್ಟಾಗುತ್ತದೆಂಬುದೂ ಸತ್ಯ. ಆದರೆ ಆ ಮನೆಗಳಲ್ಲಿ ಮಗುವಿನ ಕಿವಿಗೆ ಬೀಳುವ ಇಂಗ್ಲಿಷು ಎಂತಹದು? ‘ಕಮ್’, ‘ಸಿಟ್’, ‘ಈಟ್ ಫಾಸ್ಟ್’, ‘ಡ್ರಿಂಕ್ ಮಿಲ್ಕ್’, ‘ಡೋಂಟ್ ಟಚ್’, ‘ಫಿನಿಷ್ ಹೋಮ್‌ವರ್ಕ್’. ಕಿವಿಗೊಟ್ಟು ಕೇಳಿದರೆ ತಿಳಿಯುತ್ತದೆ, ಇವೆಲ್ಲ ಆಜ್ಞೆಗಳು. ಹಾರ್ನ್‌ಬಿಯವರ 25 ಮಾದರಿಗಳಲ್ಲಿ ಎರಡೋ ಮೂರೋ ಮಾತ್ರ ಆ ಮನೆಯಲ್ಲಿ ಚಲಾವಣೆಯಲ್ಲಿವೆ. ತಾಯಿಯ ಬಳಿ ಇಂಗ್ಲಿಷಿನಲ್ಲಿ ಅಷ್ಟೇ ಇದ್ದರೆ ಅವಳು ಅಷ್ಟನ್ನೇ ಕೊಡಬಲ್ಲಳು. ಅದೇ ತಾಯಿ ಕನ್ನಡದಲ್ಲಿ ಬಾಯಿ ತೆರೆದರೆ ‘ನಿನ್ನೆ ಹೇಳಿದ್ದರೆ ತಂದುಕೊಡುತ್ತಿದ್ದೆ’, ‘ಮಳೆ ಬಂದರೂ ಹೋಗಲೇಬೇಕಾಯಿತು’, ‘ಅವನು ಬರುವನೆಂದು ತಿಳಿದು ಅಡುಗೆ ಮಾಡಿಟ್ಟಿದ್ದೆ’ ಎಂದು ನಿರಾಯಾಸವಾಗಿ ನುಡಿಯುತ್ತಾಳೆ. ನಡೆಯದೆಹೋದದ್ದರ ಕಲ್ಪನೆ, ಅಡ್ಡಿಯಿದ್ದರೂ ಮಾಡಿದ್ದರ ವಿವರಣೆ, ಪರರ ಮನಸ್ಸಿನ ಊಹೆ ಇವೆಲ್ಲವೂ ಆ ವಾಕ್ಯಗಳೊಳಗಿವೆ. ಕನ್ನಡ ನಿಂತಾಗ ಮಗು ಕಳೆದುಕೊಳ್ಳುವುದು ಕೇವಲ ಒಂದು ಭಾಷೆಯ ಪದಗಳನ್ನಲ್ಲ; ಹಾಗೆ ಯೋಚಿಸಿ ಹೇಳುವ ವಾಕ್ಯಗಳನ್ನು ದಿನವೂ ಕೇಳುವ ಅವಕಾಶವನ್ನು. ಮುಂದೆ ಶಾಲೆಯಲ್ಲಿ ‘ಇಫ್’ ಎಂಬುದರ ಪಾಠ ಬಂದಾಗ, ‘ಇದ್ದರೆ’ ಎಂಬುದನ್ನು ಸಾವಿರ ಸಲ ಕೇಳಿದ ಮಗುವಿಗೆ ಹೊಸ ಅಚ್ಚು ಮಾತ್ರ ಬೇಕು. ಎರಡೂ ಇಲ್ಲದ ಮಗುವಿಗೆ ಅಚ್ಚೂ ಹೊಸದು, ಎರೆಯಬೇಕಾದುದೂ ಹೊಸದು.

ಇದು ಭಾಷಾಭಿಮಾನದ ಆವೇಶದಿಂದ ಆಡುವ ಮಾತೆಂದು ಯಾರೂ ತಿಳಿಯಬೇಕಾಗಿಲ್ಲ. ಶಿಕ್ಷಣವು ಮಾತೃಭಾಷೆಯಲ್ಲಿ ಆರಂಭವಾಗಬೇಕೆಂದು ಯುನೆಸ್ಕೋ ಸಂಸ್ಥೆಯ ತಜ್ಞರ ವರದಿ 1953ರಲ್ಲಿಯೇ ಹೇಳಿತು. ಕೆನಡದ ಜಿಮ್ ಕಮಿನ್ಸ್ ಅವರು 1979ರಲ್ಲಿ, ಮೊದಲ ಭಾಷೆಯಲ್ಲಿ ಗಳಿಸಿದ ಸಾಮರ್ಥ್ಯವೇ ಎರಡನೆಯ ಭಾಷೆಗೆ ಆಧಾರವಾಗುತ್ತದೆಂಬ ವಾದವನ್ನು ಮಂಡಿಸಿದರು. ವಲಸೆ ಬಂದ ಕುಟುಂಬಗಳ ಮಕ್ಕಳನ್ನು ಕುರಿತ ಚರ್ಚೆಯಲ್ಲಿ ಅದು ಇಂದಿಗೂ ಗಣ್ಯವಾದ ವಾದ. ಮುಂಬಯಿಯ ಕನ್ನಡಿಗನೂ ವಲಸೆ ಬಂದವನೇ.

ಕನ್ನಡ ಸಂಘಗಳು ಭಾನುವಾರ ನಡೆಸುವ ಕನ್ನಡ ತರಗತಿಗಳಿಗೂ ಸಂಜೆಯ ಇಂಗ್ಲಿಷ್ ತರಗತಿಗಳಿಗೂ ಇಂದು ಪರಸ್ಪರ ಮುಖಪರಿಚಯವಿಲ್ಲ. ಒಂದಕ್ಕೆ ಮಕ್ಕಳು ಬರುತ್ತಾರೆ, ಅಲ್ಲಿ ಅ ಆ ಇ ಈ ತಿದ್ದಿಸುತ್ತಾರೆ. ಇನ್ನೊಂದಕ್ಕೆ ಊರಿನಿಂದ ಹೊಸದಾಗಿ ಬಂದ ಸೊಸೆಯರು ಬರುತ್ತಾರೆ, ಅಲ್ಲಿ ವ್ಯಾಕರಣ ಬರೆಯಿಸುತ್ತಾರೆ. ಈ ಎರಡು ತರಗತಿಗಳನ್ನು ತಿಂಗಳಿಗೊಮ್ಮೆಯಾದರೂ ಒಂದೇ ಕೋಣೆಯಲ್ಲಿ ಕೂರಿಸಿದರೆ ಖರ್ಚೇನೂ ಆಗದು. ಕನ್ನಡ ಬಲ್ಲ ಹೆಂಗಸರು, ಇಂಗ್ಲಿಷು ಬಲ್ಲ ಮಕ್ಕಳು. ಒಬ್ಬರಲ್ಲಿ ಇಲ್ಲದ್ದು ಇನ್ನೊಬ್ಬರಲ್ಲಿದೆ. ಹೆಂಗಸೊಬ್ಬರು ಪುಣ್ಯಕೋಟಿಯ ಕಥೆಯನ್ನು ಕನ್ನಡದಲ್ಲಿ ಹೇಳಲಿ. ಹುಲಿಯ ಮುಂದೆ ನಿಂತ ಹಸು, ತನ್ನನ್ನು ಬಿಟ್ಟರೆ ದೊಡ್ಡಿಗೆ ಹೋಗಿ, ಕರುವಿಗೆ ಹಾಲೂಡಿಸಿ, ಮರಳಿ ಬರುವೆನೆಂದು ಮಾತು ಕೊಡುವ ಗಳಿಗೆಗೆ ಬಂದಾಗ ಕಥೆಯನ್ನು ನಿಲ್ಲಿಸಿ, ಆ ಒಂದು ವಾಕ್ಯವನ್ನು ಕರಿಹಲಗೆಯ ಮೇಲೆ ಬರೆಯಲಿ. ಅದರ ಕೆಳಗೆ ಮಕ್ಕಳು ಅದನ್ನೇ ಇಂಗ್ಲಿಷಿನಲ್ಲಿ ಬರೆಯಬೇಕು. ‘ಹೋಗಿ’, ‘ಊಡಿಸಿ’ ಎಂದು ಕನ್ನಡ ಕೊಂಡಿ ಕೊಂಡಿಯಾಗಿ ಪೋಣಿಸಿದ್ದನ್ನು ಇಂಗ್ಲಿಷು ‘ಆಂಡ್’ ಹಾಕಿ ಹೊಲಿಯಬೇಕಾಗುತ್ತದೆ. ‘ಬಿಟ್ಟರೆ’ ಎಂಬುದರ ಬಾಲದಲ್ಲಿದ್ದ ‘ರೆ’ ಅಲ್ಲಿ ‘ಇಫ್’ ಆಗಿ ಮಾತಿನ ತಲೆಗೆ ಏರಿ ಕುಳಿತುಕೊಳ್ಳುತ್ತದೆ. ಅದು ತಲೆಗೇಕೆ ಏರಿತೆಂದು ಮಕ್ಕಳು ಕೇಳುವರು, ಬಾಲದಲ್ಲೇಕೆ ಇತ್ತೆಂದು ಮಕ್ಕಳನ್ನು ಹೆಂಗಸರು ಕೇಳುವರು. ಅಷ್ಟರಲ್ಲಿ ಹುಲಿ ಕಾಯುತ್ತಿರುತ್ತದೆ. ಕಥೆ ಮುಂದೇನಾಯಿತೆಂದು ಯಾವುದಾದರೊಂದು ಪುಟ್ಟ ಮಗು ಕನ್ನಡದಲ್ಲೇ ಕೇಳಿಬಿಡುವುದು.